ಪುಟ್ಟುವಿಗೆ, ಆ ರೇಜರ್ ವಿಚಾರ

ಚಿ. ಪುಟ್ಟುವಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿ ನೋವು, ತೋಟದ ಬೇಲಿ ಜಗಳ ಎಲ್ಲ ನಿನಗೆ ಫೋನಿನಲ್ಲೇ ತಲುಪಿರುತ್ತದೆ, ಅದನ್ನು ಬಿಡು. ನಿನ್ನ ಪತ್ರ ಬಂತು, ನೀನು ಕೂಡಿಸಿದ ಶೇವಿಂಗ್ ಸಾಮಾನಿನ ಪಟ್ಟಿಯೂ ಬಂತು. 14 ರೇಜರ್, 9 ಬ್ರಷ್, 37 ಸೋಪು. ಪಟ್ಟಿ ಓದಿ ಹೇಳಿದಾಗ ನಿನ್ನ ಅತ್ತೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಎಲ್ಲ ಮಾರಿಬಿಟ್ಟು ಒಂದು ದುಬಾರಿ ರೇಜರ್, ಒಂದು ಒಳ್ಳೆ ಬ್ರಷ್, ಎರಡು ಸೋಪು ಮಾತ್ರ ಇಟ್ಟುಕೊಳ್ಳಲಾ ಅಂತ ಕೇಳಿದ್ದೀಯ. ಅಷ್ಟೇ ಆಗಿದ್ದರೆ ಉತ್ತರ ಒಂದು ಕಾರ್ಡಿನಲ್ಲಿ ಮುಗಿಯುತ್ತಿತ್ತು.

ಆದರೆ ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೀಯ. "ಅಷ್ಟು ದುಡ್ಡು ಕೊಟ್ಟು ತಂದ ಮೇಲೂ ಮನಸ್ಸು ನಿಲ್ಲದಿದ್ದರೆ ಏನು ಮಾಡಲಿ ಮಾವ? ಆಮೇಲೆ ಕಾಯುವುದಕ್ಕೂ ಏನೂ ಉಳಿದಿರುವುದಿಲ್ಲ." ಅಲ್ಲಿಗೆ ನನ್ನ ನಗು ನಿಂತಿತು. ಊಟ ಆದ ಮೇಲೆ ಮತ್ತೆ ತೆಗೆದು ಓದಿದೆ. ಬೆಳಿಗ್ಗೆ ಮುಖಕ್ಕೆ ನೊರೆ ಹಚ್ಚಿಕೊಂಡಾಗಲೂ ಅದೇ ಸಾಲು. ನೀನು ಸುಮ್ನೆ ಬರೆದಿರಬಹುದು. ನನಗೆ ಹಾಗೆ ಅನ್ನಿಸಲಿಲ್ಲ.

ಮೊದಲು ಲೋಹದ ಮಾತು ಮುಗಿಸುತ್ತೇನೆ. ಟೂಲ್ ರೂಮಿನಲ್ಲಿ ಕೈ ಸವೆಸಿದವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ನೀನು ಕಳಿಸಿದ ಫೋಟೊಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹದವು, ಜಮಾಕ್ ಅನ್ನುತ್ತಾರೆ. ಅಚ್ಚಿಗೆ ಎರಕ ಹೊಯ್ದು ಮೇಲೆ ಕ್ರೋಮ್ ಪ್ಲೇಟಿಂಗ್ ಮಾಡಿರುತ್ತಾರೆ. ಅದೇನೂ ಕಳಪೆ ಅಲ್ಲ. ನಿನ್ನಲ್ಲಿರುವ ಜರ್ಮನಿಯ ಮ್ಯೂಲೆ ಆರ್89 ರೇಜರಿನ ತಲೆ ಅದೇ ಲೋಹ, ಇಂಗ್ಲೆಂಡಿನ ಎಡ್ವಿನ್ ಜ್ಯಾಗರ್ ಡಿಇ89ರದ್ದು ಕೂಡ ಅದೇ. ಆ ಎರಡರ ತಲೆಯೂ ಹೆಚ್ಚುಕಡಿಮೆ ಒಂದೇ. ಒಂದೇ ತಲೆಗೆ ಎರಡು ಸಲ ದುಡ್ಡು ಕೊಟ್ಟಿದ್ದೀಯ, ಇರಲಿ. ಜಮಾಕಿನ ತೊಂದರೆ ಏನೆಂದರೆ ಪ್ಲೇಟಿಂಗ್ ಎಲ್ಲಾದರೂ ಕಿತ್ತು ನೀರು ಒಳಗೆ ಹೋದರೆ ಸತು ತಿಂದು ಹೋಗುತ್ತದೆ. ಒಂದು ದಿನ ಹಿಡಿ ತಿರುಗಿಸುವಾಗ ಥ್ರೆಡ್ಡು ಕೈಗೇ ಬರುತ್ತದೆ. ಸ್ಟೇನ್‌ಲೆಸ್ ಕಡ್ಡಿಯನ್ನು ಮಿಷನ್ನಿನಲ್ಲಿ ಕಡೆದು ಮಾಡಿದ್ದು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅದರ ಬೆಲೆಯಲ್ಲಿ ಆ ಕಡೆತದ ಹೊತ್ತಿಗೇ ದೊಡ್ಡ ಪಾಲು ಹೋಗುತ್ತದೆ. ಮಿಷನ್ ಮುಂದೆ ನಿಂತವನಾಗಿ ಆ ಬೆಲೆ ಸುಳ್ಳು ಅಂತ ನಾನು ಹೇಳಲಾರೆ.

ಆದರೆ ಗಡ್ಡಕ್ಕೆ ಲೋಹ ತಿಳಿಯುವುದಿಲ್ಲ. ಬ್ಲೇಡು ಎಷ್ಟು ಹೊರಗೆ ಚಾಚಿದೆ, ಅದರ ಕೆಳಗೆ ಸಂದು ಎಷ್ಟಿದೆ, ಎರಡು ಕಡೆಯೂ ಸಮ ಕೂತಿದೆಯಾ, ಇಷ್ಟೇ ತಿಳಿಯುವುದು. ಆ ದುಬಾರಿ ರೇಜರಿನ ಒಳಗೂ ಕೂರುವುದು ಅದೇ ಸೆವೆನ್ ಓ ಕ್ಲಾಕ್ ಬ್ಲೇಡು, ಅಲ್ವಾ?

ಬಾಳಿಕೆಗೆ ದುಡ್ಡು ಕೊಟ್ಟರೆ ಬಾಳಿಕೆ ಸಿಗುತ್ತದೆ. ನೀನು ಅದರಿಂದ ಬೇರೆ ಏನನ್ನೋ ಕೇಳುತ್ತಿದ್ದೀಯ ಅನ್ನುವುದೇ ನನ್ನ ದಿಗಿಲು.

ಇಂಥ ಹೊತ್ತಿಗೆ ಮನೆಯ ಹಿರಿಯರು ತಾತನ ಕಥೆ ತೆಗೆಯುತ್ತಾರೆ. ಒಂದೇ ಜಿಲೆಟ್ ಸೆಟ್ಟಿನಲ್ಲಿ ಜೀವಮಾನ ಕಳೆದರು, ನಿನಗೆ ಇಷ್ಟೆಲ್ಲ ಯಾಕೆ ಅಂತ. ನಾನು ಹಾಗೆ ಹೇಳುವುದಿಲ್ಲ, ಯಾಕೆಂದರೆ ನಾನು ನೋಡಿದ್ದೇ ಬೇರೆ. ಆ ಹಿತ್ತಾಳೆಯ ರೇಜರ್ ನೀನೂ ಕಂಡಿದ್ದೀಯ. ಬ್ಲೇಡಿನ ಕಥೆ ನಿನಗೆ ಗೊತ್ತಿಲ್ಲ. ಬ್ಲೇಡು ಮೊಂಡಾದರೆ ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಆಕಡೆ ಈಕಡೆ ಉಜ್ಜುತ್ತಿದ್ದರು. ಹೊಸ ಬ್ಲೇಡು ಬಿಚ್ಚುವುದು ಹಬ್ಬಕ್ಕೆ, ಇಲ್ಲವೇ ಯಾರದಾದರೂ ಮದುವೆಗೆ. ಒಂದು ಸಲ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟರು. ಒಳಗೆ ಕೆಂಪು ಮಖಮಲ್ಲಿನ ಮೇಲೆ ಒಂದು ಶೇವಿಂಗ್ ಸೆಟ್ಟು. ನಾನು ಅವರ ಕೈ ಹಿಡಿದಿದ್ದೆ. ಬಹಳ ಹೊತ್ತು ನೋಡಿ "ನಡಿ" ಅಂದರು, ಅಷ್ಟೇ. ಅವರ ಮನಸ್ಸು ನಿಂತಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಜೇಬಿನಲ್ಲಿ ದುಡ್ಡಿರಲಿಲ್ಲ. ಒಂದೇ ಇಟ್ಟುಕೊಂಡವರೆಲ್ಲ ತೃಪ್ತರು ಅನ್ನುವ ಮಾತು ನನಗೆ ಇಂದಿಗೂ ಒಪ್ಪಿಗೆ ಇಲ್ಲ.

ಕೆಲಸ ಸಿಕ್ಕಿದಾಗ ಆ ಸೆಟ್ಟು ತಂದುಕೊಡುತ್ತೇನೆ ಅಂದೆ. "ನನಗ್ಯಾಕೆ, ಅಕ್ಕನ ಮದುವೆ ನೋಡು" ಅಂದರು. ಮದುವೆ ಆಯಿತು, ಬಾಣಂತನ ಆಯಿತು, ಮನೆಯ ಹೆಂಚು ಹೊದಿಸಿದ್ದಾಯಿತು. ಅಷ್ಟರಲ್ಲಿ ಅವರ ಕೈ ನಡುಗತೊಡಗಿ, ಕ್ಷೌರದವರು ವಾರಕ್ಕೊಮ್ಮೆ ಜಗಲಿಗೇ ಬಂದು ಮಾಡುವ ಹಾಗಾಯಿತು. ಇದನ್ನು ನಿಮ್ಮಮ್ಮನಿಗೆ ಹೇಳಬೇಡ, ತನ್ನ ಮದುವೆಯಿಂದ ಅಂತ ನೊಂದುಕೊಳ್ಳುತ್ತಾಳೆ.

ಎಲ್ಲಿದ್ದೆ? ಹಾಂ, ದುಬಾರಿ ಒಂದು ವಸ್ತು ತಂದ ಮೇಲೂ ಮನಸ್ಸು ನಿಲ್ಲದಿದ್ದರೆ.

ನನಗೆ ಒಂದು ಬ್ಯಾಡ್ಜರ್ ಅನ್ನುವ ಪ್ರಾಣಿಯ ಕೂದಲಿನ ಬ್ರಷ್ ಇತ್ತು, ಗೊತ್ತಾ? ನಿನ್ನ ಅತ್ತೆಯ ಅಣ್ಣ ಲಂಡನ್ನಿನಿಂದ ತಂದದ್ದು. ಹಿಡಿ ಆನೆದಂತದ ಬಣ್ಣ, ತುದಿ ಬೆಳ್ಳಗೆ, ನಡುವೆ ಕಪ್ಪು ಪಟ್ಟಿ. ಅಂಗೈಗೆ ಒತ್ತಿದರೆ ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಹಂದಿ ಕೂದಲಿನ ಬ್ರಷ್ಷೊಂದೇ. ಅದನ್ನು ಡಬ್ಬಿ ಸಮೇತ ಬೀರುವಿನಲ್ಲಿ ಇಟ್ಟೆ. ಒಳ್ಳೆ ದಿನ ನೋಡಿ ಬಳಸುತ್ತೇನೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಮನೆಯಲ್ಲಿ ನನ್ನನ್ನು ಜಿಪುಣ ಅಂದರು. ಜಿಪುಣತನ ಅಲ್ಲ ಅದು. ನೊರೆ ಮಾಡಿದ ಮರುಕ್ಷಣ ಅದೂ ಒಂದು ಬ್ರಷ್ ಆಗಿಬಿಡುತ್ತದಲ್ಲ ಅನ್ನುವ ಹೆದರಿಕೆ. ಬೀರುವಿನಲ್ಲಿ ಇದ್ದಷ್ಟು ದಿನ ಅದು ಲೋಕದ ಅತಿ ಒಳ್ಳೆಯ ಬ್ರಷ್. ನಿವೃತ್ತಿಯಾದ ಮೇಲೆ ತೆಗೆದು ನೋಡಿದೆ, ಹುಳ ಹೊಡೆದಿತ್ತು. ಉಣ್ಣೆ ಶಾಲನ್ನು ತಿನ್ನುವ ಹುಳ ಬ್ಯಾಡ್ಜರ್ ಕೂದಲನ್ನೂ ಬಿಡುವುದಿಲ್ಲ. ದಿನಾ ನೀರು ಸೋಪು ಕಂಡ ಬ್ರಷ್ಷಿನ ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲವಂತೆ.

ನಿನ್ನ ಸಾಲು ಓದಿದಾಗ ನನಗೆ ಆ ಡಬ್ಬಿ ನೆನಪಾಯಿತು. ನೀನು ಬಳಸುತ್ತೀಯ, ನಾನು ಬಳಸಲಿಲ್ಲ, ನಿಜ. ಆದರೂ ಹೆದರಿಕೆ ಒಂದೇ ಮನೆಯದು ಅನ್ನಿಸುತ್ತದೆ. ನೀನು 14 ರೇಜರ್ ಕೂಡಿಸಿದ್ದು ಕೂಡ ಅದರಿಂದ ತಪ್ಪಿಸಿಕೊಳ್ಳಲೇ ಇರಬಹುದು. ಹದಿನೈದನೆಯದು ಬರುವುದಿದ್ದರೆ ಹದಿನಾಲ್ಕನೆಯದನ್ನು ಕೇಳುವವರು ಯಾರು? ಇದು ಖಾರವಾಯಿತೇನೋ, ಕ್ಷಮಿಸು.

ಹಾಗಂತ ಆ 14ನ್ನು ನಾನು ತೆಗೆದುಹಾಕುವುದಿಲ್ಲ. ಮ್ಯೂಲೆ ಆರ್41 ಕತ್ತು ಕೊಯ್ದಿದ್ದರಿಂದಲೇ ಅಲ್ವಾ ನಿನಗೆ ಬಾಚಣಿಗೆಯ ಹಾಗೆ ತೆರೆದ ಹಲ್ಲಿನ ರೇಜರ್ ಆಗದು ಅಂತ ತಿಳಿದದ್ದು? ಮೊದಲೇ ಒಂದು ದುಬಾರಿಯದನ್ನು ತಂದಿದ್ದರೆ ತಪ್ಪು ಸಂದಿನದನ್ನು ತರುತ್ತಿದ್ದೆ. ಅಗ್ಗದವುಗಳಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. ಆದರೆ ಒಂದು ಮಾತು. ದಿನಾ ರೇಜರ್ ಬೇರೆ, ಬ್ಲೇಡು ಬೇರೆ, ಸೋಪು ಬೇರೆ ಅಂದರೆ ಕತ್ತಿನ ಉರಿ ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಒಂದು ಭಾಗ ಸರಿ ಬರದಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದೆವು. ಒಂದು ತಿಂಗಳು ಒಂದೇ ರೇಜರ್, ಒಂದೇ ಬ್ಲೇಡಿನ ಕಂಪನಿ, ಒಂದೇ ಸೋಪು ಇಟ್ಟು ನೋಡು. ನೋಡಬೇಕು ಅಂತೇನಿಲ್ಲ, ಬೇಜಾರಾದರೆ ಬಿಡು.

ನೊರೆ ಬರುತ್ತಿಲ್ಲ, ಇನ್ನೂ ಒಳ್ಳೆ ಸೋಪು ಬೇಕು ಅಂತಲೂ ಬರೆದಿದ್ದೀಯ. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು, ಟ್ಯಾಂಕರಿನದು. ಗಡಸು ನೀರಿನ ಸುಣ್ಣದಂಶ ಸೋಪನ್ನು ಕಟ್ಟಿಹಾಕುತ್ತದೆ. ಬಕೆಟ್ಟಿನಲ್ಲಿ ಬಿಳಿ ಗಸಿ ನಿಲ್ಲುತ್ತದಲ್ಲ, ಅದೇ. ಲಂಡನ್ನಿನ ಸೋಪೂ ಆ ನೀರಿಗೆ ಸೋಲುತ್ತದೆ. ಕುಡಿಯುವ ಆರ್‌ಒ ಫಿಲ್ಟರ್ ನೀರನ್ನು ಅರ್ಧ ಲೋಟ ಬಿಸಿ ಮಾಡಿ ಅದರಲ್ಲೇ ಬ್ರಷ್ ನೆನೆಸು. 37ರಲ್ಲಿ ನೀನು ಬೈದ ಅರ್ಧದಷ್ಟು ಸೋಪು ಒಳ್ಳೆಯವೇ ಆಗಿಬಿಡುತ್ತವೆ. ಅಂದ ಹಾಗೆ 100 ಗ್ರಾಂ ಸೋಪು ದಿನಾ ಬಳಸಿದರೂ ಮೂರು ತಿಂಗಳಂತೂ ಬರುತ್ತದೆ. 37 ಅಂದರೆ ಒಂಬತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಪರಿಮಳದವು ಪರಿಮಳ ಕಳೆದುಕೊಂಡಿರುತ್ತವೆ. ಇಷ್ಟವಾದವನ್ನು ಮೊದಲು ಮುಗಿಸು, ಕೊನೆಗೆ ಅಂತ ಎತ್ತಿಡಬೇಡ.

ನೀನು ಕಣ್ಣಿಟ್ಟಿರುವ ಆ ಕೆನಡಾದ ಕಾರ್ವೆ ರೇಜರಿನ ವಿಷಯ. ಚಿತ್ರ ನೋಡಿದೆ, ಒಳ್ಳೆ ಕೆಲಸ, ಕೈ ಚುರುಗುಟ್ಟಿತು. ಅದರ ತಳದ ಪ್ಲೇಟನ್ನು ಎ, ಬಿ, ಸಿ ಅಂತ ಬೇರೆ ಬೇರೆ ಸಂದಿಗೆ ಆರಿಸಿಕೊಳ್ಳಬಹುದಂತೆ. ಇಲ್ಲೇ ನನಗೆ ಹೆದರಿಕೆ. ಒಂದೇ ರೇಜರ್ ಸಾಕು ಅಂತ ತಂದವನು ಆರು ತಿಂಗಳಲ್ಲಿ ಪ್ಲೇಟ್ ಕೂಡಿಸಲು ಶುರು ಮಾಡುತ್ತಾನೆ. ಆಮೇಲೆ ಹಿಡಿ. ಕಡಿಮೆ ಇಟ್ಟುಕೊಳ್ಳುವುದೂ ಒಂದು ಸಂಗ್ರಹವೇ ಆಗಿಬಿಡುತ್ತದೆ, ಬೆಲೆ ಮಾತ್ರ ಜಾಸ್ತಿ.

ನೀನೇ ಹಿಂದೆ ಹೇಳಿದ್ದೆ, ಅಮೆರಿಕದ ಜಿಲೆಟ್ 1903ರಲ್ಲಿ ಮಾರಾಟ ಶುರು ಮಾಡಿದಾಗ ಹೋದದ್ದು 51 ರೇಜರ್, 168 ಬ್ಲೇಡು ಮಾತ್ರ ಅಂತ. ಮರುವರ್ಷ ಪೇಟೆಂಟ್ ಸಿಕ್ಕಿತು. ಆತನ ಲೆಕ್ಕವೆಲ್ಲ ಎಸೆಯುವ ಬ್ಲೇಡಿನ ಮೇಲೆ. ಆ ಪೇಟೆಂಟು ಎಂದೋ ಮುಗಿದು ಈಗ ಈ ಎರಡಂಚಿನ ಬ್ಲೇಡು ಯಾರದ್ದಾದರೂ ಇಂಥ ಯಾರ ರೇಜರಿಗೂ ಕೂರುತ್ತದೆ, ಬೆಲೆ ಕೆಲವೇ ರೂಪಾಯಿ. ಬ್ಲೇಡಿನಲ್ಲಿ ಆಸೆಗೆ ಜಾಗ ಇಲ್ಲದ್ದರಿಂದ ನಿಮ್ಮ ಕಾಲದವರ ಆಸೆಯೆಲ್ಲ ಹಿಡಿಗೆ ಹತ್ತಿಕೊಂಡಿತೋ ಏನೋ. ಇದು ನನ್ನ ತರ್ಕ, ತಲೆ ಕೆಡಿಸಿಕೊಳ್ಳಬೇಡ.

ಕೇಳಲೋ ಬೇಡವೋ ಅಂತ ಇಷ್ಟು ಹೊತ್ತು ಸುತ್ತಾಡಿದೆ. ಕೇಳಿಯೇ ಬಿಡುತ್ತೇನೆ. "ಕಾಯುವುದಕ್ಕೂ ಏನೂ ಉಳಿದಿರುವುದಿಲ್ಲ" ಅಂತ ಬರೆದೆಯಲ್ಲ, ಪಾರ್ಸೆಲ್ ಬರುವ ದಿನ ಬಿಟ್ಟರೆ ವಾರದಲ್ಲಿ ನೀನು ಇನ್ನೇನಕ್ಕೆ ಕಾಯುತ್ತೀಯ ಪುಟ್ಟಾ? ಶನಿವಾರ ಯಾರಾದರೂ ಬರುತ್ತಾರಾ? ಮನೆಯಿಂದಲೇ ಆಫೀಸು ಅಂದ ಮೇಲೆ ಗಡ್ಡ ತೆಗೆದ ಮುಖವನ್ನು ನೋಡುವವರಾದರೂ ಯಾರು? ಹೋದ ವರ್ಷದ್ದನ್ನು ಇಲ್ಲಿ ಎತ್ತುವುದಿಲ್ಲ. ನಾವು ಯಾರೂ ಎತ್ತಿಲ್ಲ, ಅದು ಸರಿಯೋ ತಪ್ಪೋ ನನಗೆ ಈಗಲೂ ಗೊತ್ತಾಗುತ್ತಿಲ್ಲ. ರೇಜರಿನ ಲೆಕ್ಕ ಮಾತ್ರ ಕಳಿಸಿದ್ದರೆ ನಾನು ಇಷ್ಟು ಬರೆಯುತ್ತಲೇ ಇರಲಿಲ್ಲ.

ಆ ರೇಜರ್ ತಂದ ಮೇಲೂ ಮನಸ್ಸು ನಿಲ್ಲದೇ ಹೋಗಬಹುದು. ಬಹುಶಃ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಏನಾಗುತ್ತದೆ? ಬೆಳಿಗ್ಗೆ ಎದ್ದು ಅದರಲ್ಲೇ ಗಡ್ಡ ತೆಗೆದುಕೊಂಡು ಪಟಿಕ ಉಜ್ಜಿಕೊಳ್ಳುತ್ತೀಯ. ಅಷ್ಟರಿಂದ ಏನೂ ಮುಳುಗುವುದಿಲ್ಲ ಅಂತ ನಿನಗೆ ಧೈರ್ಯ ಹೇಳಬೇಕು. ಬೀರುವಿನಲ್ಲಿ ಬ್ರಷ್ ಇಟ್ಟ ನಾನು ಹೇಳಿದರೆ ಅದಕ್ಕೆ ಎಷ್ಟು ಬೆಲೆಯೋ!

ಬೇಕೇ ಬೇಕು ಅನ್ನಿಸಿದರೆ ತಗೋ. ಹೊಸದಕ್ಕೆ ಸುಂಕ ಕಟ್ಟುವ ಮೊದಲು ಯಾರಾದರೂ ಬಳಸಿದ್ದನ್ನು ಮಾರುತ್ತಿದ್ದಾರಾ ನೋಡು. ಸ್ಟೇನ್‌ಲೆಸ್‌ಗೆ ಬಳಸಿದ್ದೂ ಹೊಸದೂ ಒಂದೇ, ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿದರೆ ಆಯಿತು. ಆಗದಿದ್ದರೆ ಕೊಟ್ಟ ಬೆಲೆಗೇ ಹೆಚ್ಚುಕಡಿಮೆ ಮತ್ತೆ ಮಾರಬಹುದು. ಉಳಿದ 14ರಲ್ಲಿ ಪ್ಲೇಟಿಂಗ್ ಗುಳ್ಳೆ ಎದ್ದವನ್ನು ಮಾರಬೇಡ, ಇನ್ನೊಬ್ಬರಿಗೆ ಮೋಸ. ಚೆನ್ನಾಗಿರುವ ಒಂದೆರಡನ್ನು ನಮ್ಮ ಮನೆಯ ಹೊಸ ಮೀಸೆಯವರಿಗೆ ಕೊಡು. ಯಾರು ಅಂತ ನಿನಗೆ ಗೊತ್ತು. ನೀನೇ ಕೂತು ಹೇಗೆ ಹಿಡಿಯಬೇಕು ಅಂತ ತೋರಿಸಿಕೊಡು, ಅವನಿಗೆ ಅವನಪ್ಪ ಹೇಳಿಕೊಡುವುದಿಲ್ಲ.

ಅದಕ್ಕಾದರೂ ಗೌರಿ ಹಬ್ಬಕ್ಕೆ ಬಾ. ಟಿಕೆಟ್ ಈಗಲೇ ಮಾಡಿಸು, ಕೊನೇ ವಾರದಲ್ಲಿ ಬಸ್ಸಿನವರು ಬಾಯಿಗೆ ಬಂದ ರೇಟು ಕೇಳುತ್ತಾರೆ. ಬರುವಾಗ ಶ್ರೀಗಂಧದ ವಾಸನೆಯ ಸೋಪು ಇದ್ದರೆ ಒಂದು ತಾ. ನಿನ್ನ ಅತ್ತೆಗೆ ಬಟ್ಟೆಯ ನಡುವೆ ಇಡಲು ಬೇಕಂತೆ. ನಾನು ಬೇಡ, ಬಳಸೋಣ ಅಂತ ಹೇಳುತ್ತಿದ್ದೇನೆ.

ಇಂತಿ ನಿನ್ನ
ಮಾವ

ಮರೆತಿದ್ದೆ. ಹಳೆ ಬ್ಲೇಡುಗಳನ್ನು ಹಾಗೇ ಕಸದ ಚೀಲಕ್ಕೆ ಹಾಕಬೇಡ, ವಿಂಗಡಿಸುವ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಒಂದು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಮಾಡಿ ಅದರೊಳಗೆ ಹಾಕುತ್ತಾ ಹೋಗು. ತುಂಬಿದ ಮೇಲೆ ಟೇಪು ಸುತ್ತಿ, ಮೇಲೆ "ಬ್ಲೇಡು" ಅಂತ ಬರೆದು ಬೇರೆಯಾಗಿ ಕೊಡು.