ಬಾಕಿ ಉಳಿದ ಫೆಲೋಶಿಪ್ ಮತ್ತು ನನ್ನ ಹಾರ್ಮೋನಿಯಂ: ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹದಿನಾಲ್ಕು ತಿಂಗಳಿಂದ ನನ್ನ ಸಂಶೋಧನಾ ಫೆಲೋಶಿಪ್ ಬಂದಿಲ್ಲ. ಪ್ರಗತಿ ವರದಿ, ಹಾಜರಾತಿ, ಮಾರ್ಗದರ್ಶಕರ ಸಹಿ ಎಲ್ಲವನ್ನೂ ಎರಡೆರಡು ಬಾರಿ ಸಲ್ಲಿಸಿದ್ದೇನೆ. ನಿಯಮ ತಮಗೆ ಗೊತ್ತಿರುವುದೇ. ದಯವಿಟ್ಟು ಬಾಕಿ ಹಣ ಬಿಡುಗಡೆ ಮಾಡಿಸಿ.

ನಾನು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನವನು. 2002ರಲ್ಲಿ ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಸುಗ್ಗಿ ಮುಗಿದರೆ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು. ನಾಲ್ಕನೆಯ ತರಗತಿಯ ಅರ್ಧ ವರ್ಷವನ್ನು ನಾನು ಕಳೆದದ್ದು ತಗಡಿನ ಶೆಡ್ಡಿನಲ್ಲಿ, ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು. ಈಗ ಸಮಾಜಶಾಸ್ತ್ರದಲ್ಲಿ ಕೆದಕುತ್ತಿರುವುದೂ ಅದನ್ನೇ. ಒಂದೇ ಊರಿನಲ್ಲಿ ಯಾವ ಓಣಿಯ ಮನೆಗಳಿಗೆ ಬೀಗ ಬೀಳುತ್ತದೆ? ನಾರಾಯಣಪುರ ಬಲದಂಡೆ ಕಾಲುವೆಯ ನೀರು ಯಾರ ಹೊಲಕ್ಕೆ ಹರಿದು ಯಾರ ಹೊಲದ ಹತ್ತಿರ ನಿಂತುಬಿಡುತ್ತದೆ?

ಕಳೆದ ತಿಂಗಳು ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನ ಕಡತ ತಿರುವುತ್ತ ಸ್ವವಿವರದ ಕೊನೆಯ ಸಾಲಿಗೆ ಬಂದರು. ‘ಹವ್ಯಾಸ: ಹಾರ್ಮೋನಿಯಂ ನುಡಿಸುವುದು, ತತ್ವಪದ ಹಾಡುವುದು.’ ಅದನ್ನು ಇಡೀ ಕೋಣೆಗೆ ಕೇಳುವಂತೆ ಓದಿ, “ಪೆಟ್ಟಿಗೆ ಬಾರಿಸುವವನಿಗೆ ಸರ್ಕಾರ ಯಾಕಪ್ಪಾ ದುಡ್ಡು ಕೊಡಬೇಕು?” ಎಂದು ನಕ್ಕರು. ಆಮೇಲೆ, “ಅಸಮಾನತೆಯ ಬಗ್ಗೆ ಸಂಶೋಧನೆಯೇ? ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?” ಎಂದರು. ಗೊತ್ತಿರಬೇಕು. ಮೂರು ಕುರ್ಚಿ ಖಾಲಿ ಇದ್ದರೂ ನನ್ನನ್ನು ಎರಡು ಗಂಟೆ ನಿಲ್ಲಿಸಿಯೇ ಮಾತನಾಡಿಸಿದರು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ತಾವು ಅಧ್ಯಯನ ಮಾಡಿದ ಮೈಸೂರು ಸೀಮೆಯ ಹಳ್ಳಿ ರಾಮಪುರದ ಬಗ್ಗೆ ವರ್ಷಗಟ್ಟಲೆ ತಿದ್ದಿ ಜೋಡಿಸಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದವು. ನನ್ನ ಕಡತ ಕಾಣೆಯಾಗಲು ಬೆಂಕಿಯೂ ಬೇಕಾಗಲಿಲ್ಲ. ಎರಡು ಸಲ ‘ಸಿಗುತ್ತಿಲ್ಲ’ ಎಂದರು, ಮೂರನೆಯ ಸಲ ಅದೇ ಮೇಜಿನ ಮೇಲೆ, ಚಹಾ ಲೋಟದ ಕೆಳಗೆ ಸಿಕ್ಕಿತು. ಮುಖಪುಟದ ಮೇಲೆ ಲೋಟದ ಉಂಗುರ ಇನ್ನೂ ಇದೆ, ಬೇಕಾದರೆ ತರಿಸಿ ನೋಡಿ.

ಇನ್ನು ಹವ್ಯಾಸದ ವಿಚಾರ. ಹಾರ್ಮೋನಿಯಂ ನನ್ನ ಅಜ್ಜನದು. ಅದರ ಒಂದು ಸ್ವರದ ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ, ಬೆರಳಿನಿಂದ ಎಬ್ಬಿಸಿಕೊಂಡೇ ನುಡಿಸಬೇಕಿತ್ತು. ಅದನ್ನು ಅಡವಿಟ್ಟು ಕೋಣೆಯ ಬಾಡಿಗೆ ಕಟ್ಟಿದ್ದೇನೆ. ಸದ್ಯಕ್ಕೆ ನನಗೆ ಹವ್ಯಾಸಗಳಿಲ್ಲ, ತಮ್ಮ ಕಚೇರಿಯ ಆಕ್ಷೇಪಣೆ ಇತ್ಯರ್ಥವಾಯಿತು ಎಂದು ಭಾವಿಸುತ್ತೇನೆ.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದಲ್ಲಿ ನಮ್ಮ ಹಿಂದುಳಿದಿರುವಿಕೆಯ ಬಗ್ಗೆ ತಾವು ಮರುಗುತ್ತೀರಿ. ಮರುಗುವುದು ಬೇಡ, ಬಾಕಿ ಹಣ ಬಿಡುಗಡೆ ಮಾಡಿಸಿ. ನನ್ನದೊಂದೇ ಅಲ್ಲ, ನನ್ನ ಹಾಗೆ ಕಾಯುತ್ತಿರುವ ಎಲ್ಲರದೂ. ಅಡವಿನ ಗಡುವು ಈ ತಿಂಗಳ 30ಕ್ಕೆ ಮುಗಿಯುತ್ತದೆ.

ಇಂತಿ,
ಒಬ್ಬ ಸಂಶೋಧನಾ ವಿದ್ಯಾರ್ಥಿ