ಸಿನಿಮಾದ ಕೀಲಿ ಮುಂಚೆಯೇ ಕಳಿಸಿ

ಮಾನ್ಯರೇ,

ನಾನು ಸಣ್ಣ ಊರೊಂದರ ಟಾಕೀಸಿನಲ್ಲಿ ಆಪರೇಟರ್. ಮೊದಲು ರೀಲಿನ ಡಬ್ಬಗಳು ಬಸ್ಸಿನಲ್ಲಿ ಬರುತ್ತಿದ್ದವು. 2000 ಅಡಿಯ ಒಂದು ರೀಲು ಸುಮಾರು 22 ನಿಮಿಷ ಓಡುತ್ತಿತ್ತು. ಈಗ ಇಡೀ ಸಿನಿಮಾ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಬರುತ್ತದೆ. ಡಿಸ್ಕ್ ಕದ್ದರೂ ಕಳ್ಳನಿಗೆ ಲಾಭವಿಲ್ಲ. ಒಳಗಿರುವುದು 128 ಬಿಟ್‌ನ ಬೀಗ ಹಾಕಿದ ಫೈಲು. ಅದನ್ನು ತೆರೆಯುವ ಕೀಲಿ, ಅದೂ ಒಂದು ಸಣ್ಣ ಫೈಲೇ, ಬೇರೆಯಾಗಿ ಇಮೇಲ್‌ನಲ್ಲಿ ಬರುತ್ತದೆ. ಅದು ಸಿನಿಮಾ ಓಡಿಸುವ ನಮ್ಮ ಸರ್ವರ್ ಯಂತ್ರಕ್ಕೆ ಮಾತ್ರ ಹೊಂದುತ್ತದೆ, ಪಕ್ಕದೂರಿನ ಟಾಕೀಸಿನದಕ್ಕಲ್ಲ. ವ್ಯವಸ್ಥೆ ಚೆನ್ನಾಗಿದೆ, ಒಪ್ಪುತ್ತೇನೆ.

ಆದರೆ ಹೋದ ತಿಂಗಳು ಡಿಸ್ಕ್ ಬುಧವಾರವೇ ಬಂದಿತ್ತು. ಶುಕ್ರವಾರ 10.30ರ ಆಟಕ್ಕೆ ಕೀಲಿ ಕೈಗೆ ಸಿಕ್ಕಿದ್ದು 11.40ಕ್ಕೆ. ಮಳೆಗೆ ನೆಟ್ ಬೇರೆ ಹೋಗಿತ್ತು. ಬೈಸಿಕೊಂಡವನು ನಾನೇ ಅಲ್ವಾ! ಯಾವ ದಿನ, ಎಷ್ಟು ಗಂಟೆಯಿಂದ ಬೀಗ ತೆರೆಯಬೇಕು ಎಂಬುದು ಕೀಲಿಯೊಳಗೇ ಇರುತ್ತದೆ. ಅದಕ್ಕೂ ಮುಂಚೆ ಒಂದು ನಿಮಿಷವೂ ಸಿನಿಮಾ ಓಡದು. ಹಾಗಿದ್ದ ಮೇಲೆ ಸುಮ್ನೆ ಕೊನೇ ಗಳಿಗೆವರೆಗೆ ಹಿಡಿದಿಟ್ಟುಕೊಳ್ಳುವುದೇಕೆ? ವಿತರಕರು ಗುರುವಾರ ಮಧ್ಯಾಹ್ನದೊಳಗೆ ಕಳಿಸಲಿ. ಪೆನ್‌ಡ್ರೈವ್‌ಗೆ ಹಾಕಿ ಇಟ್ಟುಕೊಳ್ಳುತ್ತೇವೆ, ಆಮೇಲೆ ನೆಟ್ ಹೋದರೂ ಚಿಂತೆಯಿಲ್ಲ.

– ಟಾಕೀಸ್ ಆಪರೇಟರ್, ಶಿವಮೊಗ್ಗ ಜಿಲ್ಲೆ