ಮ್ಯಾಡ್ರಿಡ್‌ನ ಸಣ್ಣ ಮ್ಯೂಸಿಯಂಗಳು ಮಧ್ಯಾಹ್ನ ಮೂರಕ್ಕೇ ಬಾಗಿಲು ಹಾಕುತ್ತವೆ

ಮಾನ್ಯ ಸಂಪಾದಕರೇ,

ಸ್ಪೇನ್ ಪ್ರವಾಸದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಮ್ಯಾಡ್ರಿಡ್ ಎಂದರೆ ಪ್ರಾಡೊ ಕಲಾ ಮ್ಯೂಸಿಯಂ, ರಾಜರ ಅರಮನೆ, ಫುಟ್‌ಬಾಲ್ ಮೈದಾನ, ಅಷ್ಟಕ್ಕೇ ಮುಗಿಯುತ್ತದೆ. ಅವು ನೋಡಲೇಬೇಕಾದವು, ತಕರಾರಿಲ್ಲ. ಆದರೆ ಆ ಊರಿನ ನಿಜವಾದ ಸಂಪತ್ತು ಹಳೆಯ ಮನೆಗಳಲ್ಲಿ, ಕನ್ಯಾಮಠಗಳಲ್ಲಿ, ಮುಚ್ಚಿಹೋಗಿದ್ದ ಒಂದು ಮೆಟ್ರೊ ನಿಲ್ದಾಣದಲ್ಲೂ ಇದೆ. ಇವನ್ನು ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಮರಳಿದರೆ ಬಹುಪಾಲು ಕಾರಣ ಒಂದೇ, ಹೊತ್ತು ತಪ್ಪಿ ಹೋಗಿರುತ್ತಾರೆ. ಪ್ರವಾಸ ಪುಟದ ಪ್ರತಿ ಲೇಖನದ ಕೆಳಗೆ ಬಾಗಿಲು ತೆರೆಯುವ ವೇಳೆ, ವಾರದ ರಜೆ, ಬುಕಿಂಗ್ ಬೇಕೋ ಬೇಡವೋ ಎಂಬುದನ್ನು ಎರಡು ಸಾಲಿನಲ್ಲಾದರೂ ಅಚ್ಚು ಹಾಕಿ ಎಂದು ಕೋರುವುದಕ್ಕೇ ಈ ಪತ್ರ.

ಮೊದಲು ವಾರದ ಲೆಕ್ಕ. ಸೋಮವಾರ ಈ ಸಣ್ಣ ಮ್ಯೂಸಿಯಂಗಳಿಗೆಲ್ಲ ಹೆಚ್ಚುಕಡಿಮೆ ರಜೆ. ಪ್ರಾಡೊ ವಾರದ ಏಳೂ ದಿನ ತೆರೆದಿರುವುದರಿಂದ ಸೋಮವಾರವನ್ನು ಅದಕ್ಕೇ ಮೀಸಲಿಡುವುದು ಜಾಣತನ. ಉಳಿದ ದಿನಗಳಲ್ಲಿ ಹಲವು ಸಣ್ಣ ಮ್ಯೂಸಿಯಂಗಳು ಮಧ್ಯಾಹ್ನ ಮೂರಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಬೆಳಿಗ್ಗೆ ಪೇಟೆ ಸುತ್ತಿ, ನಿಧಾನವಾಗಿ ಊಟ ಮುಗಿಸಿ, ನಾಲ್ಕಕ್ಕೆ ಹೋಗೋಣ ಎಂದುಕೊಂಡರೆ ಕೆಟ್ಟಿತು. ಬೆಳಿಗ್ಗೆ ಎರಡು ಜಾಗ ಮುಗಿಸಿ ಆಮೇಲೆ ಊಟಕ್ಕೆ ಕೂರಬೇಕು. ಆ ಊರಿನವರು ಮಧ್ಯಾಹ್ನದ ಊಟಕ್ಕೆ ಕೂರುವುದೂ ಎರಡರ ನಂತರವೇ.

ಪ್ಲಾಸಾ ದೆ ಎಸ್ಪಾನ್ಯಾ ಚೌಕದ ಹತ್ತಿರ ಸೆರಾಲ್ಬೊ ಮ್ಯೂಸಿಯಂ ಇದೆ. ಸೆರಾಲ್ಬೊದ 17ನೇ ಮಾರ್ಕ್ವಿಸ್ (ಇದು ಶ್ರೀಮಂತ ಮನೆತನದ ಬಿರುದು) ತನ್ನ ವಾಸಕ್ಕೂ ಸಂಗ್ರಹಕ್ಕೂ ಸೇರಿಸಿಯೇ ಕಟ್ಟಿಸಿದ ಅರಮನೆಯಿದು. 1883ರಲ್ಲಿ ಶುರುವಾಗಿ 1893ಕ್ಕೆ ಮುಗಿಯಿತು. 1922ರಲ್ಲಿ ಆತ ತೀರಿಕೊಂಡಾಗ ಎಲ್ಲವನ್ನೂ ದೇಶಕ್ಕೆ ಬಿಟ್ಟುಕೊಟ್ಟ, ತಾನು ಜೋಡಿಸಿಟ್ಟಂತೆಯೇ ಇರಬೇಕೆಂದು ಉಯಿಲಿನಲ್ಲಿ ಬರೆದಿಟ್ಟ. ಹಾಗಾಗಿ ಇಲ್ಲಿ ಗೋಡೆಯ ಮೇಲೆ ಚಿತ್ರಗಳು ಒಂದರ ಅಂಚಿಗೆ ಇನ್ನೊಂದು ತಾಗುವಂತೆ ಸೂರಿನ ತನಕ ಏರಿವೆ, ಪಕ್ಕದಲ್ಲಿ ಹೆಸರಿನ ಚೀಟಿ ಹುಡುಕಿದರೆ ಸಿಗುವುದಿಲ್ಲ. ಮೊದಲೇ ಮಾಹಿತಿ ಓದಿಕೊಳ್ಳದೆ ಹೋದವರು ಮನೆಯ ಪ್ರಾರ್ಥನಾ ಮಂದಿರದಲ್ಲಿರುವ ಚಿತ್ರಕಾರ ಎಲ್ ಗ್ರೆಕೊನ ಸಂತ ಫ್ರಾನ್ಸಿಸ್ ಚಿತ್ರವನ್ನು ಗಮನಿಸದೆಯೇ ದಾಟಿಬಿಡುತ್ತಾರೆ. ಮಂಗಳವಾರದಿಂದ ಶನಿವಾರದವರೆಗೆ 9.30ರಿಂದ 3 ಗಂಟೆ, ಭಾನುವಾರ 10ರಿಂದ 3. ಗುರುವಾರ ಮಾತ್ರ ಸಂಜೆ 5ರಿಂದ 8ರವರೆಗೆ ಮತ್ತೆ ತೆರೆಯುತ್ತದೆ, ಆಗ ಟಿಕೆಟ್ ಇಲ್ಲ. ಶನಿವಾರ 2ರ ನಂತರ ಮತ್ತು ಭಾನುವಾರವೂ ಉಚಿತ. ಉಳಿದಂತೆ 3 ಯೂರೊ. ಮಹಡಿಯ ನೃತ್ಯದ ಹಜಾರ ನೋಡುವುದಕ್ಕೆ ಶನಿವಾರದ ಕೊನೆಯ ಗಂಟೆ ಸಾಲದು. ಹಣ ಉಳಿಸುವ ಆಸೆ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಒಳ್ಳೆಯದು.

ಅಲ್ಲಿಂದ ಇಳಿಜಾರಿನಲ್ಲಿ ಪ್ರಿನ್ಸಿಪೆ ಪಿಯೊ ಮೆಟ್ರೊ ನಿಲ್ದಾಣದ ಕಡೆ ನಡೆದು, ಇನ್ನಷ್ಟು ಮುಂದೆ ಹೋದರೆ ಸಾನ್ ಅಂತೋನಿಯೊ ದೆ ಲಾ ಫ್ಲೋರಿಡಾ ಎಂಬ ಪುಟ್ಟ ಚರ್ಚು. ನನ್ನನ್ನು ಕೇಳಿದರೆ ಇಡೀ ಮ್ಯಾಡ್ರಿಡ್‌ನಲ್ಲಿ ಬಿಡಲೇಬಾರದ ಜಾಗ ಇದು. ಒಳಗಿನ ಗುಮ್ಮಟಕ್ಕೆ 1798ರಲ್ಲಿ ಸ್ಪೇನ್‌ನ ಹೆಸರಾಂತ ಚಿತ್ರಕಾರ ಗೋಯಾ ಚಿತ್ರ ಬರೆದ. ಕೊಲೆಯಾದ ಒಬ್ಬನನ್ನು ಪಡುವಾದ ಸಂತ ಅಂತೋನಿ ಎಬ್ಬಿಸಿ, ಆರೋಪ ಹೊತ್ತಿದ್ದ ತನ್ನ ತಂದೆ ಕೊಲೆಗಾರನಲ್ಲ ಎಂದು ಸತ್ತವನ ಬಾಯಿಂದಲೇ ಹೇಳಿಸಿದ ಕತೆ ಅದು. ಕತೆ ನಡೆದದ್ದು ಲಿಸ್ಬನ್‌ನಲ್ಲಿ, ಗೋಯಾ ಬರೆದದ್ದು ಮ್ಯಾಡ್ರಿಡ್‌ನ ಬೀದಿಯ ಜನರನ್ನು. ಗುಮ್ಮಟದ ಸುತ್ತ ಕಟಕಟೆ ಇದ್ದಂತೆ ಬರೆದು, ಅದರ ಹಿಂದೆ ಜನರನ್ನು ನಿಲ್ಲಿಸಿದ್ದಾನೆ. ಹುಡುಗರು ಕಟಕಟೆ ಹತ್ತಿದ್ದಾರೆ, ಅದರ ಮೇಲಿಂದ ಒಂದು ಬಿಳಿಯ ಬಟ್ಟೆ ಇಳಿಬಿದ್ದಿದೆ, ಪವಾಡದ ಕಡೆ ನೋಡದವರೂ ಗುಂಪಿನಲ್ಲಿದ್ದಾರೆ. ಬೇರೆ ಚರ್ಚುಗಳಲ್ಲಿ ದೇವದೂತರು ಮೇಲೆ, ಮನುಷ್ಯರು ಕೆಳಗೆ. ಇಲ್ಲಿ ದೇವದೂತರು ಕೆಳಗಿನ ಕಮಾನುಗಳಲ್ಲಿದ್ದಾರೆ, ಬೀದಿಯ ಜನ ಗುಮ್ಮಟ ಏರಿದ್ದಾರೆ.

ಇಲ್ಲಿ ಜನ ಎಡವುವುದು ಎರಡು ಕಡೆ. ಪಕ್ಕದಲ್ಲೇ ಹೊರಗಿನಿಂದ ತದ್ರೂಪದ ಇನ್ನೊಂದು ಚರ್ಚಿದೆ. ಮೇಣದಬತ್ತಿಯ ಹೊಗೆಯಿಂದ ಚಿತ್ರ ಹಾಳಾಗಬಾರದೆಂದು 1928ರಲ್ಲಿ ಪೂಜೆಯನ್ನು ಅಲ್ಲಿಗೆ ವರ್ಗಾಯಿಸಿದರು. ಆ ಅವಳಿ ಚರ್ಚಿಗೆ ನುಗ್ಗಿ, ಗೋಯಾ ಎಲ್ಲಿ ಎಂದು ಹುಡುಕುವವರು ಬಹಳ. ಹೊರಗೆ ಮ್ಯೂಸಿಯಂ ಫಲಕ ಇರುವ ಕಟ್ಟಡಕ್ಕೆ ಹೋಗಿ. ಎರಡನೆಯದು ಆತುರ. ಬಿಸಿಲಿನಿಂದ ಒಳಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ನಿಂತರೆ ಒಂದೊಂದೇ ಮುಖ ಬಿಡಿಸಿಕೊಳ್ಳುತ್ತದೆ. ಕತ್ತು ನೋಯದಂತೆ ನೋಡಲು ಕನ್ನಡಿಗಳಿವೆ, ಒಂದು ಸಣ್ಣ ದುರ್ಬೀನು ಜೇಬಿನಲ್ಲಿದ್ದರೆ ಇನ್ನೂ ಚೆನ್ನ. ಒಳಗೆ ಫೋಟೊ ತೆಗೆಯುವಂತಿಲ್ಲ. ಪ್ರವೇಶ ಉಚಿತ. ಗೋಯಾನ ಸಮಾಧಿಯೂ ಇದೇ ನೆಲದಲ್ಲಿದೆ. 1828ರಲ್ಲಿ ಫ್ರಾನ್ಸ್‌ನ ಬೋರ್ದೊದಲ್ಲಿ ತೀರಿಕೊಂಡವನ ಗೋರಿಯನ್ನು 1888ರಲ್ಲಿ ಅಗೆದಾಗ ತಲೆಬುರುಡೆ ಇರಲಿಲ್ಲ. ಅದೇ ಗೋರಿಯಲ್ಲಿದ್ದ ಬಂಧುವಿನ ಮೂಳೆಗಳೊಂದಿಗೆ ಅವನ ಮೂಳೆಗಳನ್ನು ಸ್ಪೇನ್‌ಗೆ ತಂದು, 1919ರಲ್ಲಿ ಇಲ್ಲಿ ಇಟ್ಟರು.

ಚಂಬೆರಿ ಮೆಟ್ರೊ ನಿಲ್ದಾಣದ ಕತೆಯೇ ಬೇರೆ. 1919ರಲ್ಲಿ ಶುರುವಾದ ಊರಿನ ಮೊದಲ ಮೆಟ್ರೊ ಮಾರ್ಗದ ನಿಲ್ದಾಣವಿದು, ವಿನ್ಯಾಸ ವಾಸ್ತುಶಿಲ್ಪಿ ಅಂತೋನಿಯೊ ಪಲಾಸಿಯೊಸ್‌ನದು. ನೆಲದಡಿಗೆ ಇಳಿಯಲು ಜನ ಅಂಜಬಾರದೆಂದು ಬೆಳಕು ಚೆಲ್ಲುವ ಬಿಳಿ ಟೈಲ್ಸ್ ಹಾಕಿಸಿದ. 1960ರ ದಶಕದಲ್ಲಿ ರೈಲುಗಳಿಗೆ ನಾಲ್ಕರ ಬದಲು ಆರು ಬೋಗಿ ಜೋಡಿಸಿ, ಪ್ಲಾಟ್‌ಫಾರಂಗಳನ್ನು 60 ಮೀಟರಿನಿಂದ 90ಕ್ಕೆ ಉದ್ದ ಮಾಡಿದರು. ಚಂಬೆರಿ ತಿರುವಿನಲ್ಲಿದ್ದ ಕಾರಣ ಬೆಳೆಸಲು ಆಗಲಿಲ್ಲ, ಅಕ್ಕಪಕ್ಕದ ನಿಲ್ದಾಣಗಳೂ ಹತ್ತಿರವೇ ಇದ್ದವು. 1966ರಲ್ಲಿ ಮುಚ್ಚಿದರು, 2008ರಲ್ಲಿ ಮ್ಯೂಸಿಯಂ ಮಾಡಿ ತೆರೆದರು. ಕಾಫಿ, ಗಡಿಯಾರ, ವಿದ್ಯುದ್ದೀಪಗಳ ಜಾಹೀರಾತುಗಳನ್ನು ಟೈಲ್ಸ್ ಮೇಲೆಯೇ ಬಣ್ಣದಲ್ಲಿ ಮೂಡಿಸಿದ್ದರು. ಮುಂದೆ ಅವುಗಳ ಮೇಲೆ ಕಾಗದದ ಪೋಸ್ಟರ್ ಅಂಟಿಸಿದ್ದರಿಂದಲೇ ಹೊಳಪು ಮಾಸದೆ ಉಳಿದಿವೆ. ಗಾಜಿನ ತಡೆಯ ಆಚೆ ಒಂದನೇ ಮಾರ್ಗದ ರೈಲು ಈಗಲೂ ನಿಲ್ಲದೆ ಹಾದುಹೋಗುತ್ತದೆ. ಪ್ರವೇಶ ಉಚಿತವಾದರೂ ಆನ್‌ಲೈನ್‌ನಲ್ಲಿ ಮೊದಲೇ ಜಾಗ ಕಾದಿರಿಸಬೇಕು, ವಾರದ ಎಲ್ಲ ದಿನ ತೆರೆದಿರುವುದೂ ಇಲ್ಲ. ಇಲ್ಲಿಗೆ ರೈಲಿನಲ್ಲಿ ಬಂದಿಳಿಯಲು ಸಾಧ್ಯವಿಲ್ಲ ಎಂಬುದನ್ನು ಮರೆಯಬೇಡಿ. ಬಿಲ್ಬಾವೊ ಅಥವಾ ಇಗ್ಲೇಸಿಯಾ ನಿಲ್ದಾಣದಲ್ಲಿ ಇಳಿದು, ಚಂಬೆರಿ ಚೌಕಕ್ಕೆ ನಡೆದು ಬರಬೇಕು.

ಪುಯೆರ್ತಾ ದೆಲ್ ಸೋಲ್ ಚೌಕಕ್ಕೆ ನಾಲ್ಕು ಹೆಜ್ಜೆ ದೂರದ ಸಾನ್ ಫರ್ನಾಂದೊ ಕಲಾ ಅಕಾಡೆಮಿಯಲ್ಲಿ ಗೋಯಾನ ಹದಿಮೂರು ಚಿತ್ರಗಳಿವೆ, ಎದುರಿಗೆ ಗುಂಪಿಲ್ಲ. ಬುಧವಾರ ಉಚಿತ, ಅದೂ 3ಕ್ಕೆ ಮುಚ್ಚುತ್ತದೆ. ಸೆರಾನೊ ರಸ್ತೆಯ ಲಾಸಾರೊ ಗಾಲ್ದಿಯಾನೊ ಬಂಗಲೆಯ ಮ್ಯೂಸಿಯಂನಲ್ಲಿ ಚಿತ್ರಕಾರ ಬಾಷ್‌ನ ಸ್ನಾನಿಕ ಯೋಹಾನನ ಚಿತ್ರ ನೋಡಿ. ಅದರಲ್ಲಿರುವ ವಿಚಿತ್ರ ಗಿಡವನ್ನು ಮೊದಲಿದ್ದ, ಚಿತ್ರ ಬರೆಸಲು ಹಣ ಕೊಟ್ಟ ದಾನಿಯ ಆಕೃತಿ ಮುಚ್ಚಲು ಬರೆದದ್ದು. ಮೂರರ ನಂತರವೂ ಕಾಲಿಗೆ ಕಸುವು ಉಳಿದಿದ್ದರೆ ತ್ರಿಬುನಾಲ್ ಮೆಟ್ರೊ ಬಳಿಯ ನಗರ ಇತಿಹಾಸ ಮ್ಯೂಸಿಯಂ ಇದೆ. 1830ರ ಮ್ಯಾಡ್ರಿಡ್ ಅನ್ನು ಬೀದಿ ಬೀದಿಯಾಗಿ ಮರದಲ್ಲಿ ಮಾಡಿಟ್ಟ ಮಾದರಿ ಅಲ್ಲಿದೆ.

ಭಾರತದ ಪಾಸ್‌ಪೋರ್ಟ್ ಇರುವವರು ಒಂದು ವಿಷಯ ತಿಳಿದಿರಲಿ. ಸೆರಾಲ್ಬೊ, ಪ್ರಾಡೊದಂಥ ಸರ್ಕಾರಿ ಮ್ಯೂಸಿಯಂಗಳ ಉಚಿತ ವೇಳೆ ಯಾವ ದೇಶದವರಿಗೂ ಅನ್ವಯಿಸುತ್ತದೆ. ಆದರೆ ರಾಜಮನೆತನದ ಆಸ್ತಿಯ ಇಲಾಖೆಗೆ ಸೇರಿದ ಅರಮನೆ, ಮಠಗಳಲ್ಲಿ ಉಚಿತ ಪ್ರವೇಶ ಇರುವುದು ಯುರೋಪ್ ಒಕ್ಕೂಟದ ಮತ್ತು ಲ್ಯಾಟಿನ್ ಅಮೆರಿಕದ ನಾಗರಿಕರಿಗೆ. ಅದನ್ನು ಗಮನಿಸದೆ ಸಾಲಿನಲ್ಲಿ ನಿಂತು, ಕೌಂಟರಿನಲ್ಲಿ ಗೊತ್ತಾಗಿ ಪೇಚಾಡುವುದು ಬೇಡ. 1559ರಲ್ಲಿ ರಾಜಕುಮಾರಿ ಹುವಾನಾ ಸ್ಥಾಪಿಸಿದ ದೆಸ್ಕಾಲ್ಸಾಸ್ ರಿಯಾಲೆಸ್ ಕನ್ಯಾಮಠ ಇಂಥದ್ದೇ. ಸನ್ಯಾಸಿನಿಯರು ಇನ್ನೂ ವಾಸವಿರುವ ಕಾರಣ ಸಣ್ಣ ಗುಂಪುಗಳನ್ನಷ್ಟೇ ಒಳಗೆ ಬಿಡುತ್ತಾರೆ, ಟಿಕೆಟ್ ಬೇಗ ಮುಗಿಯುತ್ತದೆ. ಚಿತ್ರಕಾರ ರೂಬೆನ್ಸ್ ವಿನ್ಯಾಸ ಮಾಡಿದ ನೇಯ್ಗೆಯ ಚಿತ್ರಪಟಗಳ ಕೋಣೆ ಅಲ್ಲಿದೆ. ಅದಕ್ಕಾಗಿಯಾದರೂ ಮುಂಗಡ ಟಿಕೆಟ್ ತೆಗೆಸಿಡಿ.

ಹಳೆಯ ಲೇಖನ ನಂಬಿಕೊಂಡು ಚಿತ್ರಕಾರ ಸೊರೊಯ್ಯಾನ ಮನೆಗೆ ನೇರವಾಗಿ ಹೋಗಬೇಡಿ. ವಿಸ್ತರಣೆಯ ಕೆಲಸಕ್ಕೆಂದು 2024ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚಿದರು. ಯಾವ ಜಾಗಕ್ಕೇ ಆಗಲಿ, ಹಿಂದಿನ ದಿನ ಅದರ ಜಾಲತಾಣ ತೆರೆದು ನೋಡಿ. 'ಸೆರಾದೊ' ಎಂದಿದ್ದರೆ ಮುಚ್ಚಿದೆ ಎಂದರ್ಥ, ಜೊತೆಗೆ 'ಪೊರ್ ಓಬ್ರಾಸ್' ಎಂದಿದ್ದರೆ ಕಾಮಗಾರಿ ನಡೆಯುತ್ತಿದೆ ಎಂದು.